ತವರನ್ನು ಕೇಳಿಯೇ ಹೂಂ ಎನ್ನುವ ಚಿಪ್

ಪ್ಯಾರಿಸ್ಸಿನ ಬೇಕರಿಯಲ್ಲಿ ಬ್ರೆಡ್ಡು ಕೊಂಡು ಬೆಂಗಳೂರಿನ ಬ್ಯಾಂಕಿನ ಕಾರ್ಡನ್ನು ಯಂತ್ರದ ಬಾಯಿಗೆ ತುರುಕುತ್ತೀರಿ. ಎರಡು ಮೂರು ಸೆಕೆಂಡು ಮೌನ. ಆಮೇಲೆ ಒಂದೋ ರಸೀದಿ ಬರುತ್ತದೆ, ಇಲ್ಲವೇ ಅಂಗಡಿಯವಳು ತಲೆಯಾಡಿಸುತ್ತಾಳೆ. ಆ ಮೌನದಲ್ಲಿ ನಡೆಯುವುದೇನು?

ಕಾರ್ಡಿನ ಮೇಲೆ ಮಿನುಗುವ ಹೊಂಬಣ್ಣದ ಚೌಕ ಬರೀ ತಗಡು. ಅದರ ಬೆನ್ನಿಗಂಟಿದ ಸಿಲಿಕಾನ್ ಚೂರೇ ನಿಜವಾದ ಚಿಪ್, ಬ್ಯಾಟರಿಯಿಲ್ಲದ ಪುಟ್ಟ ಕಂಪ್ಯೂಟರ್. ಯಂತ್ರದಿಂದ ಕರೆಂಟು ಹರಿದಾಗಷ್ಟೇ ಅದಕ್ಕೆ ಎಚ್ಚರ. ಟ್ಯಾಪ್ ಮಾಡಿದರೆ, ಕಾರ್ಡಿನೊಳಗೆ ಹುದುಗಿರುವ ತಂತಿಸುರುಳಿ 13.56 ಮೆಗಾಹರ್ಟ್ಸ್ ರೇಡಿಯೊ ಅಲೆಯಿಂದಲೇ ಆ ಕರೆಂಟನ್ನು ಪಡೆಯುತ್ತದೆ.

ಹಿಂಬದಿಯ ಕಪ್ಪು ಪಟ್ಟಿ ಗಿಳಿಪಾಠದ್ದು. ಯಾರು ಉಜ್ಜಿದರೂ ಅದೇ ವಿವರ ಒಪ್ಪಿಸುತ್ತದೆ. ಕಳ್ಳ ಒಮ್ಮೆ ಓದಿಕೊಂಡರೆ ನಕಲು ಸಿದ್ಧ. ಚಿಪ್ ಹಾಗಲ್ಲ. ಯಂತ್ರ ಅದಕ್ಕೆ ಮೊತ್ತ, ದೇಶ, ಕರೆನ್ಸಿಯ ಸಂಕೇತ (ಯೂರೋಗೆ 978, ರೂಪಾಯಿಗೆ 356), ಜೊತೆಗೆ ಮನಸ್ಸಿಗೆ ಬಂದ ಒಂದು ಸಂಖ್ಯೆ ಹೇಳುತ್ತದೆ. ಇವನ್ನೆಲ್ಲ ಚಿಪ್ ತನ್ನ ಗುಪ್ತ ಕೀಲಿಯೊಂದಿಗೆ ಅರೆದು, ಆ ಒಂದು ವ್ಯವಹಾರಕ್ಕಷ್ಟೇ ಸಲ್ಲುವ ಗೂಢ ಸಹಿ ಮಾಡಿಕೊಡುತ್ತದೆ. ಸಹಿ ತವರಿನ ಬ್ಯಾಂಕಿಗೆ ಓಡುತ್ತದೆ. ಅಲ್ಲಿಯೂ ಅದೇ ಲೆಕ್ಕ ಮಾಡಿ, ತಾಳೆಯಾದರೆ 'ಹೂಂ' ಎನ್ನುತ್ತಾರೆ.

ಫ್ರಾನ್ಸ್ ಈ ಚಿಪ್‌ಗೆ ಹಳೆಯ ನೆಂಟ. ಅಲ್ಲಿನ ರೋಲಾಂ ಮೊರೆನೊ 1974ರಲ್ಲೇ ಮೆಮೊರಿ ಕಾರ್ಡಿಗೆ ಪೇಟೆಂಟ್ ಕೇಳಿದ್ದರು. ಮುಂದೆ ಯೂರೋಪೇ, ಮಾಸ್ಟರ್‌ಕಾರ್ಡ್, ವೀಸಾ ಸೇರಿ ರೂಪಿಸಿದ 'ಇಎಂವಿ' ಮಾನದಂಡದಿಂದಾಗಿ ಬೆಂಗಳೂರಿನ ಚಿಪ್ಪಿನ ಮಾತು ಪ್ಯಾರಿಸ್ಸಿನ ಯಂತ್ರಕ್ಕೂ ತಿಳಿಯುತ್ತದೆ.

ಹಾಗಾದರೆ ಕಾರ್ಡು ಕೈಕೊಡುವುದೇಕೆ? ಎಷ್ಟೋ ಸಲ ಚಿಪ್ ಸರಿಯಾಗಿಯೇ ಇರುತ್ತದೆ, ತವರಿನ ಬಾಗಿಲು ಮುಚ್ಚಿರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ಹೊಸ ಕಾರ್ಡುಗಳು ಕೈಗೆ ಬರುವಾಗ ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶಿ ಬಳಕೆಯ ಸ್ವಿಚ್ಚನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಒತ್ತಬೇಕು, ಮಿತಿಯನ್ನೂ ನಾವೇ ಇಡಬೇಕು. ಹೊರಡುವ ಮುನ್ನವೇ ಇದನ್ನು ಮುಗಿಸಿ. ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಹಾಕಿಸಿ. ಪಿನ್ ನೆನಪಿರಲಿ: ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಕಾರ್ಡಿಗೆ ಬೀಗ. ಇನ್ನೊಂದು ಕಾರ್ಡು ಬೇರೆ ಚೀಲದಲ್ಲಿರಲಿ.

ಯಂತ್ರ ಕೆಲವೊಮ್ಮೆ 'ರೂಪಾಯಿಯೋ, ಯೂರೋವೋ?' ಎಂದು ಕೇಳುತ್ತದೆ. ರೂಪಾಯಿ ನೋಡಿ ಮನಸ್ಸು ಕರಗಬಾರದು. ಅದನ್ನು ಒತ್ತಿದರೆ ವಿನಿಮಯ ದರ ಕಟ್ಟುವುದು ಅಂಗಡಿಯ ಕಡೆಯವರು, ತಮ್ಮ ಲಾಭವನ್ನೂ ಸೇರಿಸಿ. ಯೂರೋ ಒತ್ತಿದರೆ ಸಾಮಾನ್ಯವಾಗಿ ಅಗ್ಗ.

ಊರಿಗೆ ಮರಳಿದ ದಿನ ಪೆಟ್ಟಿಗೆ ಬಿಚ್ಚುವ ಮೊದಲೇ ಆ ಸ್ವಿಚ್ಚನ್ನು ಆಫ್ ಮಾಡಿ. ಹೊರದೇಶದ ಎಷ್ಟೋ ಜಾಲತಾಣಗಳು ಒಟಿಪಿ ಕೇಳುವುದಿಲ್ಲ. ಕಾರ್ಡಿನ ಮೇಲೆ ಅಚ್ಚಾದ ಅಂಕಿಗಳಷ್ಟೇ ಅವಕ್ಕೆ ಸಾಕು. ಚಿಪ್ ತನ್ನ ಕೀಲಿಯನ್ನು ಕಾಯುತ್ತದೆ, ಆ ಅಂಕಿಗಳನ್ನು ಕಾಯಬೇಕಾದವರು ನಾವು.