ಬಾಗಿಲು ಅಗಲವಾದ ಮೇಲೆ

ಕೆಲವು ವಾರಗಳ ಹಿಂದೆ ಮಹದೇವಪುರದ ಹಿರಿಯರೊಬ್ಬರು ಮೊಮ್ಮಗನನ್ನು ಕರೆದುಕೊಂಡು ನಮ್ಮ ಗುರುಮನೆಗೆ ಬಂದಿದ್ದರು. ಹುಡುಗ ಬಿ.ಕಾಂ. ಪದವೀಧರ. ಸಮೀಪದ ಗೋದಾಮೊಂದರಲ್ಲಿ ಸರಕಿನ ಲೆಕ್ಕವಿಡುವ ಕೆಲಸಕ್ಕೆ ನಮ್ಮಿಂದ ಶಿಫಾರಸು ಪತ್ರ ಬೇಕಾಗಿತ್ತು. "ಇದೇ ಕೆಲಸವನ್ನು ನಾನು ಎಸ್.ಎಸ್.ಎಲ್.ಸಿ. ಓದಿ ಮಾಡಿದೆ, ಸ್ವಾಮಿ" ಎಂದರು ಅಜ್ಜ. ಅವರು ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಿಂದ ನಿವೃತ್ತರಾದವರು.

1948ರಲ್ಲಿ ಆ ಕಾರ್ಖಾನೆ ಆರಂಭವಾದಾಗ ಕಾಲೇಜು ಕೆಲವರ ಸ್ವತ್ತಾಗಿತ್ತು. ಮುಂದೆ ಖಾಸಗಿ ಕಾಲೇಜುಗಳು ಹೆಚ್ಚಿದವು. ಜೊತೆಗೆ ಕ್ಯಾಪಿಟೇಷನ್ ಹಾವಳಿಯೂ ಬಂದಿತು. ಅದನ್ನು ತಡೆಯಲು ರಾಜ್ಯವು 1984ರಲ್ಲಿ ಕಾಯಿದೆ ತಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಅರ್ಹತೆಯ ಮೇಲೆ ಸರ್ಕಾರಿ ಶುಲ್ಕಕ್ಕೇ ಕೊಡಬೇಕೆಂದಿತು. 2002ರಲ್ಲಿ ಆ ವ್ಯವಸ್ಥೆ ಬಿದ್ದುಹೋದರೂ, 1994ರಲ್ಲಿ ಆರಂಭವಾದ ಸಿ.ಇ.ಟಿ. ಉಳಿಯಿತು. ಕಾರ್ಮಿಕರ ಹೆಣ್ಣುಮಕ್ಕಳು ಇಂಜಿನಿಯರುಗಳಾಗಿ ವೈಟ್‌ಫೀಲ್ಡ್‌ನ ಗಾಜಿನ ಕಟ್ಟಡಗಳನ್ನು ಹೊಕ್ಕರು. ಇದಕ್ಕಾಗಿ ದೇವರನ್ನು ಸ್ತುತಿಸದವರು ನಮ್ಮಲ್ಲಿ ಯಾರು?

ಆದರೆ ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರಂದು ಮಾತೆಯ ತೇರು ಬರುವಾಗ ಏನಾಗುತ್ತದೆ? ಮುಂದಿನ ಸಾಲಿನವರು ತುದಿಗಾಲಿನಲ್ಲಿ ನಿಂತರೆ ಹಿಂದಿನವರೂ ನಿಲ್ಲಲೇಬೇಕು. ಕೊನೆಗೆ ಎಲ್ಲರ ಕಾಲೂ ನೋಯುತ್ತದೆ, ತೇರು ಮಾತ್ರ ಮೊದಲಿನಷ್ಟೇ ಕಾಣುತ್ತದೆ. ನಿಲ್ಲಲಾರದ ಮುದುಕಿಗಂತೂ ಏನೂ ಕಾಣದು. ಪದವಿಯ ಪಾಡೂ ಇದೇ. ಅದು ಎಲ್ಲರ ಕೈಗೆ ಬಂದಂತೆ ಉದ್ಯೋಗದಾತರಿಗೆ ಜರಡಿಯಾಯಿತು. ಕೆಲಸ ಬದಲಾಗಿಲ್ಲವೆನ್ನಲಾಗದು, ಲೆಕ್ಕದ ಪುಸ್ತಕದ ಬದಲು ಕಂಪ್ಯೂಟರ್ ಬಂದಿದೆ. ಆದರೆ ಅದನ್ನು ಕಲಿಯಲು ಮೂರು ವರ್ಷ ಬೇಕೇ? ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿದ ಬಡವರ ಮಗನಿಗೆ ಅಜ್ಜನ ಕಾಲದಲ್ಲಿ ತೆರೆದಿದ್ದ ಬಾಗಿಲು ಇಂದು ಮುಚ್ಚಿದೆ. ಹಾಗೆಂದು ಕಾಲೇಜು ಬಿಡಿರೆಂದು ಹೇಳುವ ಧೈರ್ಯ ನಮಗಿಲ್ಲ. ಒಂಟಿಯಾಗಿ ಕುಳಿತವನೇ ನಷ್ಟಪಡುತ್ತಾನೆ.

ಉಪಯೋಗಕ್ಕಾಗಿ ಬಯಸುವ ಒಳಿತು ಬೇರೆ, ತನಗಾಗಿಯೇ ಬಯಸತಕ್ಕ ಒಳಿತು ಬೇರೆ ಎಂದು ಸಂತ ತೋಮಸ್ ಅಕ್ವಿನಾಸರು ವಿಂಗಡಿಸಿದುದನ್ನು ಗುರುಮಠದಲ್ಲಿ ಓದಿದ್ದೆವು. ಅದು ನೆನಪಾಗಿ, ಕಾಲೇಜಿನಲ್ಲಿ ಏನು ಹಿಡಿಸಿತೆಂದು ಹುಡುಗನನ್ನು ಕೇಳಿದೆವು. ಇದುವರೆಗೆ ತಲೆತಗ್ಗಿಸಿ ಕುಳಿತಿದ್ದವನು ವೆಚ್ಚದ ಲೆಕ್ಕಶಾಸ್ತ್ರವೆಂದನು. ಒಂದು ಬ್ರೆಡ್ಡಿನ ಬೆಲೆಯಲ್ಲಿ ಹಿಟ್ಟು, ಕೂಲಿ, ಬಾಡಿಗೆಗಳ ಪಾಲೆಷ್ಟೆಂದು ಹುಡುಕುವ ಬಗೆಯನ್ನು ಹತ್ತು ನಿಮಿಷ ವಿವರಿಸಿದನು. ಅಜ್ಜ ಅವನ ಮುಖವನ್ನೇ ನೋಡುತ್ತಿದ್ದರು.

ಪತ್ರದಲ್ಲಿ ಅದನ್ನೂ ಸೇರಿಸಿ ಬರೆದೆವು. ಆ ಒಂದು ಕೆಲಸಕ್ಕೆ ಅರ್ಜಿ ಹಾಕಿದವರಲ್ಲಿ ಇಬ್ಬರು ಎಂ.ಕಾಂ. ಪದವೀಧರರೂ ಇದ್ದಾರಂತೆ.