ಕಲ್ಯಾಣದ ಅಜ್ಜ, ನೆರೂಳಿನ ಮೊಮ್ಮಗಳು

ಮುಂಬಯಿ ಬಳಿಯ ಕಲ್ಯಾಣ್ ಪಶ್ಚಿಮದ ಎರಡನೇ ಮಹಡಿಯ ಮನೆಯಲ್ಲಿ ಸಂಜೆ ಚಹಾದ ಶುಂಠಿ ವಾಸನೆ ಇನ್ನೂ ಸುಳಿದಾಡುತ್ತಿರುವಾಗಲೇ ಅಜ್ಜ ಧೋತರದ ಅಂಚಿನಿಂದ ಮೊಬೈಲಿನ ಗಾಜು ಒರೆಸಿ, ಅದನ್ನು ಅವಲಕ್ಕಿ ಡಬ್ಬಿಗೆ ಒರಗಿಸಿ ಕೂರುತ್ತಾರೆ. ಕೆಳಗೆ ಮೇಥಿ, ಕೊತ್ತಂಬರಿ ಮಾರುವವನ ಕೂಗು, ಆಚೆ ಲೋಕಲ್ ರೈಲಿನ ಗಡಗಡ. ಪರದೆಯಲ್ಲಿ ಮೊದಲು ಮೊಮ್ಮಗಳ ಹಣೆಯಷ್ಟೇ ಕಾಣುತ್ತದೆ, ಆಮೇಲೆ ಕಣ್ಣು, ಆಮೇಲೆ ನೋಟುಬುಕ್ಕು. ಅವಳಿರುವುದು ನೆರೂಳಿನಲ್ಲಿ. 2004ರಲ್ಲಿ ಥಾಣೆ–ವಾಶಿ ರೈಲು ಶುರುವಾದ ಮೇಲೆ ದಾರಿ ಹತ್ತಿರವಾಯಿತು, ನಿಜ. ಆದರೆ ಥಾಣೆಯಲ್ಲಿ ಗಾಡಿ ಬದಲಿಸುವ ಸಂಜೆಯ ಆ ನೂಕುನುಗ್ಗಲಿನಲ್ಲಿ, ಎಪ್ಪತ್ತು ದಾಟಿದವರು ಪಾಠ ಹೇಳಲು ಹೊರಡುವುದುಂಟೇ? 2020ರ ಮಾರ್ಚಿನಲ್ಲಿ ಲೋಕಲ್ ನಿಂತಾಗ ಭಜನೆ, ತಾಳಮದ್ದಲೆ, ಗಮಕ ಎಲ್ಲವೂ ಮೊಬೈಲಿಗೆ ಬಂದವು. ರೈಲು ಮತ್ತೆ ಓಡಿತು, ಈ ಪಾಠ ಮೊಬೈಲಿನಲ್ಲೇ ಉಳಿಯಿತು.

ಪಾಠ ಕುಮಾರವ್ಯಾಸ ಭಾರತ. ಗದಗಿನ ಕಡೆಯ ಅಜ್ಜನಿಗೆ ವೀರನಾರಾಯಣನ ಗುಡಿಯ ಕವಿ ನಮ್ಮೂರವನೇ ಎಂಬ ಸಲಿಗೆ. ಹುಡುಗಿಗೆ ಕನ್ನಡ ಮಾತು ಬರುತ್ತದೆ, ಓದಲು ಬಾರದು. ಪದ್ಯವನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದಾಳೆ. ತೊಡಕು ಅಲ್ಲೇ. ಮರಾಠಿ ಬರಹದಲ್ಲಿ ಹ್ರಸ್ವ ಎ, ಒಗಳಿಗೆ ಬೇರೆ ಅಕ್ಷರವಿಲ್ಲ. ಭಾಮಿನಿ ಷಟ್ಪದಿಯೋ ಮೂರು–ನಾಲ್ಕು, ಮೂರು–ನಾಲ್ಕು ಎಂದು ಮಾತ್ರೆ ಎಣಿಸಿ ನಡೆಯುವಂಥದ್ದು. ಒಂದು ‘ಎ’ ಎಳೆದರೆ 14 ಮಾತ್ರೆಯ ಸಾಲು 15 ಆಗಿ ಮುಗ್ಗರಿಸುತ್ತದೆ. “ಎಳೀಬ್ಯಾಡವ್ವಾ, ಕೆರಿ ಹೋಗಿ ಕೇರಿ ಆತು ನೋಡು,” ಎಂದು ಅಜ್ಜ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತಾರೆ. “ಹೂಂ ಅಜ್ಜಾ, ಮತ್ತ ಅಂತೀನಿ,” ಎಂದು ಅವಳೂ ಬೆರಳು ಮಡಚುತ್ತಾಳೆ.

ಇಬ್ಬರೂ ಕೂಡಿ ಹಾಡುವಂತಿಲ್ಲ. ಸುಮಾರು 30 ಮಿಲಿಸೆಕೆಂಡು ತಡವಾದರೇ ಲಯ ಕೂಡುವುದು ಕಷ್ಟ; ವಿಡಿಯೊ ಕರೆಯಲ್ಲಿ ತಡ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಅಜ್ಜ ಒಂದು ಸಾಲು ಹೇಳಿ ಸುಮ್ಮನಾಗಬೇಕು, ಅವಳು ಒಪ್ಪಿಸಬೇಕು. ನನಗಿದು ಕೊರತೆಯೆನಿಸಲಿಲ್ಲ, ಬಾಯಿಪಾಠ ನಡೆದು ಬಂದದ್ದೇ ಹೀಗೆ. ನಿಜವಾದ ತಲೆನೋವು ಶ್ರುತಿಯದು. ಒಂದೇ ಸಮನೆ ಮೊರೆಯುವ ತಂಬೂರಿಯನ್ನು ಮೊಬೈಲು ಫ್ಯಾನಿನ ಸದ್ದೆಂದು ಬಗೆದು ಅಳಿಸಿಬಿಡುತ್ತದೆ. ಕೆಲವು ಆ್ಯಪ್‌ಗಳಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಗುಂಡಿಯಿದೆ. ಒತ್ತಿದರೆ ಶ್ರುತಿ ಮರಳುತ್ತದೆ, ಜೊತೆಗೆ ಅಡುಗೆಮನೆಯ ಕುಕ್ಕರ್ ಸೀಟಿಯೂ ಬರುತ್ತದೆ, ಬರಲಿ. ನಿಮ್ಮ ಮನೆಯಲ್ಲೂ ಹಾಡಬಲ್ಲ ಹಿರಿಯರಿದ್ದರೆ ಆ ಗುಂಡಿ ಎಲ್ಲಿದೆಯೆಂದು ಇವತ್ತೇ ತೋರಿಸಿಕೊಡಿ.