ಸೊಪ್ಪಿನಲ್ಲಿ ಹುಳ ಕಾಣದ ಅಡುಗೆಮನೆ

ದಾವಣಗೆರೆಯ ಓದುಗರೊಬ್ಬರ ಪತ್ರ: ಹೊಸ ಮನೆಯ ಅಡುಗೆಮನೆಗೆ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಹಾಕಿಸಿದರು, ಸಾಲದೆಂದು ಪಕ್ಕದಲ್ಲೇ ಇನ್ನೊಂದನ್ನೂ ಹಾಕಿಸಿದರು. ಆದರೂ ಸೊಪ್ಪು ಸೋಸುವಾಗ ಹುಳ ಕಾಣುವುದಿಲ್ಲವಂತೆ. ‘ಟ್ಯೂಬು ಪೂರ್ವದ ಗೋಡೆಯಲ್ಲಿಲ್ಲ, ಅದಕ್ಕೇ’ ಎಂದು ವಾಸ್ತು ಬಲ್ಲವರೊಬ್ಬರು ಹೇಳಿದ್ದಾರೆ. ನಿಜವೇ?

ಗೋಡೆ ಕೊರೆಸುವ ಮೊದಲು ರಾತ್ರಿ ಅಡುಗೆ ಕಟ್ಟೆಯ ಮುಂದೆ ನಿಂತು ತಟ್ಟೆಯನ್ನು ನೋಡಿ. ಹುಳವನ್ನು ಬಚ್ಚಿಟ್ಟಿರುವುದು ನಿಮ್ಮದೇ ತಲೆಯ ನೆರಳು! ದೀಪ ಬೆನ್ನಿಗಿದೆ, ಕೆಲಸ ಎದುರಿಗಿದೆ. ದೀಪಕ್ಕೆ ದಿಕ್ಕು ಬೇಕು, ಒಪ್ಪಿದೆ. ಆದರೆ ಆ ದಿಕ್ಕನ್ನು ದಿಕ್ಸೂಚಿ ಹಿಡಿದು ಹುಡುಕಬೇಕಿಲ್ಲ, ನೀವು ಯಾವ ಕಡೆ ಮುಖ ಮಾಡಿ ನಿಲ್ಲುತ್ತೀರಿ ಎಂದು ನೋಡಿದರೆ ಸಾಕು.

ಕಟ್ಟೆಯ ಮೇಲಿನ ಕಪಾಟಿನ ತಳಕ್ಕೆ ಒಂದು ಸಣ್ಣ ಪಟ್ಟಿದೀಪ ಅಂಟಿಸಿ. 5 ವ್ಯಾಟ್ ಸಾಕು ಎಂದರೆ ಅಂಗಡಿಯವರೂ ನಗುತ್ತಾರೆ. ಆದರೆ ಬೆಳಕಿನ ಲೆಕ್ಕ ಬೇರೆ. ದೂರ ಇಮ್ಮಡಿಯಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಚಾವಣಿಯ ದೀಪ ತಟ್ಟೆಗೆ 2 ಮೀಟರ್ ದೂರ, ಕಪಾಟಿನದು ಅರ್ಧ ಮೀಟರ್. ದೂರದಲ್ಲಿ ನಾಲ್ಕು ಪಟ್ಟು, ಬೆಳಕಿನಲ್ಲಿ ಹದಿನಾರು ಪಟ್ಟು ವ್ಯತ್ಯಾಸ. ಅಂದರೆ ಹತ್ತಿರದ 5 ವ್ಯಾಟ್ ದೂರದ 80 ವ್ಯಾಟಿಗೆ ಸಮ. (ಟ್ಯೂಬು, ಪಟ್ಟಿಗಳು ಉದ್ದವಾಗಿರುವುದರಿಂದ ಲೆಕ್ಕ ಕೊಂಚ ಹಿಂದೆಮುಂದೆ ಆಗುತ್ತದೆ, ತಕರಾರು ಬೇಡ.)

ಇನ್ನು ಆ ಎರಡನೇ ಟ್ಯೂಬಿನ ಕಥೆ. ನನಗೆ ಬಹಳ ಇಷ್ಟವಾದ ಸಂಗತಿ ಇದು. ಬೆಳಕು ಎರಡರಷ್ಟಾದರೆ ಕಣ್ಣಿಗೂ ಎರಡರಷ್ಟು ಕಾಣಬೇಕಲ್ಲವೇ? ಕಾಣುವುದಿಲ್ಲ. ಹಾರ್ವರ್ಡಿನ ಮನೋವಿಜ್ಞಾನಿ ಎಸ್.ಎಸ್. ಸ್ಟೀವನ್ಸ್ 1950ರ ದಶಕದಲ್ಲಿ ಈ ಕಣ್ಣಳತೆಯನ್ನೇ ಅಳೆದರು. ‘ಈಗ ಎರಡರಷ್ಟಾಯಿತು’ ಎಂದು ಕಣ್ಣು ಒಪ್ಪಬೇಕಾದರೆ ಬೆಳಕು ಸುಮಾರು ಎಂಟು ಪಟ್ಟು ಏರಬೇಕು! ಕಣ್ಣಿನ ಈ ಜಿಪುಣತನದಿಂದಲೇ ನಾವು ಬದುಕಿದ್ದೇವೆ. ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್. ಟ್ಯೂಬಿನ ಹಾಲ್‌ನಲ್ಲಿ ಸಾಮಾನ್ಯವಾಗಿ ನೂರು, ಇನ್ನೂರು. ಸಾವಿರ ಪಟ್ಟು ಕುಸಿದರೂ ಒಳಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕಣ್ಣು ಹೆಚ್ಚೂಕಡಿಮೆ ಹೊಂದಿಕೊಂಡಿರುತ್ತದೆ. ಇಂಥ ಕಣ್ಣಿಗೆ ವ್ಯಾಟ್ ಸುರಿದರೆ ಲಾಭ ವಿದ್ಯುತ್ ಕಂಪನಿಗೆ.

ಕೋಣೆ ಬೆಳಕಾಗಿದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೆಚ್ಚಾಗಿ ಎದುರಿನ ಗೋಡೆ ನೋಡಿ ನಿರ್ಧರಿಸುತ್ತದೆ. ಫಾಲ್ಸ್ ಸೀಲಿಂಗಿನಲ್ಲಿ ತೂತು ಕೊರೆದು ಕೂರಿಸಿದ ಗುಂಡುದೀಪಗಳು ನೆಲವನ್ನು ಬೆಳಗುತ್ತವೆ, ಗೋಡೆಗಳು ಮಂಕಾಗಿಯೇ ಉಳಿಯುತ್ತವೆ. ಅಜ್ಜಿಯ ಮನೆಯಲ್ಲಿ ಸುಣ್ಣ ಬಳಿದ ಗೋಡೆಯ ಗೂಡಿನಲ್ಲಿ ಹಣತೆ ಇರುತ್ತಿತ್ತು. ಒಂದು ಹಣತೆಗೆ ಆ ಗೋಡೆಯೇ ದೊಡ್ಡ ದೀಪವಾಗುತ್ತಿತ್ತು. ಓದಲು ಆಗುತ್ತಿರಲಿಲ್ಲ, ನಿಜ. ಅದಕ್ಕೆ ಲಾಟೀನನ್ನು ಪುಸ್ತಕದ ಪಕ್ಕಕ್ಕೇ ಎಳೆದುಕೊಳ್ಳುತ್ತಿದ್ದೆವು. ದೇವರ ಮುಂದೆ ಮಿಣುಕುವ ನಂದಾದೀಪ ಬೇರೆ. ಅಮೆರಿಕದ ಬೆಳಕು ವಿನ್ಯಾಸಕ ರಿಚರ್ಡ್ ಕೆಲ್ಲಿ 1952ರಲ್ಲಿ ಬೆಳಕನ್ನು ಮೂರಾಗಿ ವಿಂಗಡಿಸಿದರು: ಎಲ್ಲೆಡೆ ಹರಡುವುದು, ಒಂದೆಡೆ ಗಮನ ನಿಲ್ಲಿಸುವುದು, ಸುಮ್ಮನೆ ಮಿನುಗಿ ಖುಷಿ ಕೊಡುವುದು. ಇಂದಿನ ಇಂಟೀರಿಯರ್ ಡಿಸೈನರುಗಳು ‘ಲೇಯರ್ಡ್ ಲೈಟಿಂಗ್’ ಎಂದು ಬಿಲ್ ಮಾಡುವುದು ಇದನ್ನೇ. ಅಜ್ಜಿ ಬಿಲ್ ಕೊಟ್ಟಿರಲಿಲ್ಲ, ಅಷ್ಟೆ.

ಮನೆಯಲ್ಲಿ ಹಿರಿಯರಿದ್ದರಂತೂ ಒಂದೇ ಟ್ಯೂಬಿನ ನ್ಯಾಯ ನಡೆಯದು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಹುಡುಗನ ಅಕ್ಷಿಪಟಕ್ಕೆ ತಲುಪುವ ಬೆಳಕಿನ ಮೂರನೇ ಒಂದು ಭಾಗವಷ್ಟೇ ಅರವತ್ತು ದಾಟಿದವರಿಗೆ ದಕ್ಕುತ್ತದೆ. ನಮ್ಮಪ್ಪ ಎಪ್ಪತ್ತರ ಹೊತ್ತಿಗೆ ಸಂಜೆ ಹಾಲ್‌ನಲ್ಲಿ ಕೂತು ಪತ್ರಿಕೆಯ ಮುದ್ರಣ ಕೆಟ್ಟುಹೋಯಿತೆಂದು ಬೈಯಲು ಶುರುಮಾಡಿದ್ದರು. ಕುರ್ಚಿಯ ಪಕ್ಕ, ಎಡಭುಜದ ಹಿಂದೆ, 7 ವ್ಯಾಟಿನ ಒಂದು ನಿಲುದೀಪ ತಂದಿಟ್ಟೆ. ವಾರ ಕಳೆದ ಮೇಲೆ ಪತ್ರಿಕೆ ಮಡಚುತ್ತ ಹೇಳಿದರು: “ಪರವಾಗಿಲ್ಲ ಕಣೋ, ಈಗ ಒಳ್ಳೇ ಇಂಕ್ ಹಾಕ್ತಿದಾರೆ.”